ಲೆಕ್ಕದ ಪುಸ್ತಕ ಯಾರ ಕೈಯಲ್ಲಿ? ಕಮಿಷನ್ ದುಡಿಮೆಗಾರರು ಹಾಗೂ ಮ್ಯಾನೇಜರುಗಳ ನಡುವಿನ ಮುನಿಸಿನ ಮೂಲ

ದಾಂಡೇಲಿ: ವಾರಾಂತ್ಯ ಸಮೀಪಿಸುತ್ತಿದ್ದಂತೆ ದಾಂಡೇಲಿ ಹಾಗೂ ಜೋಯಿಡಾ ತಾಲ್ಲೂಕಿನ ರೆಸಾರ್ಟ್, ಹೋಂಸ್ಟೇಗಳತ್ತ ಹೊರಜಿಲ್ಲೆಗಳ ವಾಹನಗಳು ಸಾಲುಗಟ್ಟುತ್ತವೆ. ಕಾಳಿ ನದಿಯ ರಾಫ್ಟಿಂಗ್, ಕುಳಗಿ, ಸಿಂಥೇರಿ ರಾಕ್ಸ್, ಕವಳಾ ಗುಹೆಗಳನ್ನು ನೋಡಲು ಬರುವ ಈ ಪ್ರವಾಸಿಗರಲ್ಲಿ ಅನೇಕರು ನೇರವಾಗಿ ಮಾಲೀಕರನ್ನು ಸಂಪರ್ಕಿಸಿ ಬಂದವರಲ್ಲ. ಮೊಬೈಲಿನಲ್ಲಿ ಕಂಡ ಒಂದು ಚಿತ್ರ, ಒಂದು ಲಿಂಕ್ ಅಥವಾ ಒಂದು ವಾಟ್ಸ್ಆ್ಯಪ್ ಸಂಖ್ಯೆಯ ಮೂಲಕ ಬಂದವರು. ಆ ಲಿಂಕಿನ ಹಿಂದೆ ಕಮಿಷನ್ ನಂಬಿ ದುಡಿಯುವ ಒಬ್ಬ ವ್ಯಕ್ತಿ ಇರುತ್ತಾನೆ. ಆತನಿಗೆ ಸಂಬಳವಿಲ್ಲ, ಹಾಜರಿ ಪುಸ್ತಕವಿಲ್ಲ, ಕುರ್ಚಿಯೂ ಇಲ್ಲ. ಗಿರಾಕಿ ಬಂದರೆ ಹಣ, ಬಾರದಿದ್ದರೆ ಇಲ್ಲ.

ಇದೇ ಮಾದರಿಯ ದುಡಿಮೆ ಅಂತರ್ಜಾಲದ ಮಾರಾಟದಲ್ಲಿ ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಹಬ್ಬಿದೆ. ಬೇರೆ ಕಂಪನಿಯ ಸರಕನ್ನು ತನ್ನ ಪುಟದಲ್ಲಿ ಪರಿಚಯಿಸಿ, ಲಿಂಕ್ ನೀಡಿ, ಆ ಲಿಂಕಿನ ಮೂಲಕ ಖರೀದಿ ನಡೆದಾಗ ಶೇಕಡಾವಾರು ಹಣ ಪಡೆಯುವುದು ಇದರ ತಿರುಳು. ಅಮೆಜಾನ್ ಕಂಪನಿ ಇಂತಹ ಯೋಜನೆಯನ್ನು ಆರಂಭಿಸಿದ್ದು 1996ರಲ್ಲಿ. ಹೀಗೆ ದುಡಿಯುವವರಿಗೂ ಕಂಪನಿಗೂ ನಡುವೆ ಕೊಂಡಿಯಾಗಿ ನಿಲ್ಲುವವನೇ ಅಕೌಂಟ್ ಮ್ಯಾನೇಜರ್. ಇವರಿಬ್ಬರ ನಡುವಿನ ಅಸಮಾಧಾನ ಈ ವೃತ್ತಿಯಷ್ಟೇ ಹಳೆಯದು. ಅದರ ಕಾರಣಗಳೇನು, ಹಿಂದಿನ ಕಮಿಷನ್ ವೃತ್ತಿಗಳು ಇದನ್ನು ಹೇಗೆ ಎದುರಿಸಿದವು, ದುಡಿಯುವವನು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪರದೆಯ ಮೇಲಿನ ಹಣ, ಕೈಗೆ ಬಾರದ ಹಣ

ಮುನಿಸು ಬಹುತೇಕ ಲೆಕ್ಕದಿಂದಲೇ ಆರಂಭವಾಗುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಳಿಯಾಳದ ಯುವಕನೊಬ್ಬ ಒಂದು ತಿಂಗಳಲ್ಲಿ ತನ್ನ ಲಿಂಕಿನ ಮೂಲಕ 40 ಮಾರಾಟ ಮಾಡಿಸುತ್ತಾನೆ. ಪ್ರತಿ ಮಾರಾಟಕ್ಕೆ 150 ರೂಪಾಯಿ ಕಮಿಷನ್. ಪರದೆಯ ಮೇಲೆ 6,000 ರೂಪಾಯಿ ಕಾಣುತ್ತದೆ. ಇದನ್ನು ನಂಬಿ ಆತ ಜಾಹೀರಾತಿಗೆ ಕೈಯಿಂದ 3,000 ರೂಪಾಯಿ ಖರ್ಚು ಮಾಡಿದ್ದಾನೆ.

ಆದರೆ ಆ 6,000 ರೂಪಾಯಿ 'ಬಾಕಿ ಪರಿಶೀಲನೆ'ಯಲ್ಲಿರುವ ಮೊತ್ತ. ಗ್ರಾಹಕ ಸರಕನ್ನು ಹಿಂದಿರುಗಿಸುವ ಅವಧಿ ಮುಗಿದ ನಂತರ ಕಂಪನಿ 28 ಮಾರಾಟಗಳನ್ನು ಒಪ್ಪಿ, 12ನ್ನು ತಿರಸ್ಕರಿಸುತ್ತದೆ. ಉಳಿದದ್ದು 4,200 ರೂಪಾಯಿ. ಕನಿಷ್ಠ 5,000 ರೂಪಾಯಿ ಆಗದೆ ಹಣ ಪಾವತಿ ಇಲ್ಲವೆಂಬ ನಿಯಮವಿದ್ದರೆ ಅದೂ ಮುಂದಿನ ತಿಂಗಳಿಗೆ ಹೋಗುತ್ತದೆ. ಒಪ್ಪಿಗೆಯಾದ 60 ದಿನಗಳ ಬಳಿಕ ಪಾವತಿ ಎಂಬ ಷರತ್ತಿದ್ದರೆ ಮತ್ತೆರಡು ತಿಂಗಳು ಕಾಯಬೇಕು. ಜೇಬಿನಿಂದ ಹೋದ 3,000 ರೂಪಾಯಿ ಮಾತ್ರ ಮೊದಲ ತಿಂಗಳಲ್ಲೇ ಹೋಗಿರುತ್ತದೆ.

ಆಗ ಯುವಕ ಕೇಳುವ ಪ್ರಶ್ನೆ ಸರಳವಾದದ್ದು: "ಸರ್, ಆ 12 ಮಾರಾಟ ಏಕೆ ತಿರಸ್ಕಾರವಾಯಿತು?" ಇದಕ್ಕೆ ಮ್ಯಾನೇಜರಿನಿಂದ ಬರುವ ಉತ್ತರ ಅನೇಕ ಬಾರಿ 'ಜಾಹೀರಾತುದಾರರು ಹಾಗೆ ತಿಳಿಸಿದ್ದಾರೆ' ಎಂಬ ಒಂದೇ ಸಾಲು. ಕೆಲವೊಮ್ಮೆ ಉತ್ತರವೇ ಇಲ್ಲ. ಹಣ ಕಡಿಮೆಯಾದುದಕ್ಕಿಂತ ಕಾರಣ ತಿಳಿಯದೇ ಹೋದದ್ದು ಆತನನ್ನು ಹೆಚ್ಚು ಕಾಡುತ್ತದೆ.

ಲಿಂಕ್ ಕೆಲಸ ಮಾಡುವ ಬಗೆ

ಮಾರಾಟವನ್ನು ಯಾರ ಹೆಸರಿಗೆ ಬರೆಯಬೇಕೆಂದು ನಿರ್ಧರಿಸುವುದು ಗ್ರಾಹಕನ ಬ್ರೌಸರಿನಲ್ಲಿ ಉಳಿಯುವ 'ಕುಕಿ' ಎಂಬ ಚಿಕ್ಕ ಗುರುತು. ಈ ಗುರುತಿಗೆ ಆಯುಷ್ಯವಿದೆ. ಅಮೆಜಾನಿನಲ್ಲಿ ಅದು ಸಾಮಾನ್ಯವಾಗಿ 24 ಗಂಟೆ. ಗ್ರಾಹಕ ಇಂದು ಲಿಂಕ್ ಒತ್ತಿ, ಮನೆಯಲ್ಲಿ ಚರ್ಚಿಸಿ, ಮೂರನೆಯ ದಿನ ತಾನಾಗಿಯೇ ಹೋಗಿ ಕೊಂಡರೆ ಪರಿಚಯಿಸಿದವನಿಗೆ ಏನೂ ಸಿಗದಿರಬಹುದು. ಬಹಳಷ್ಟು ಯೋಜನೆಗಳಲ್ಲಿ ಕೊನೆಯದಾಗಿ ಒತ್ತಿದ ಲಿಂಕಿಗೇ ಹಣ ಸಲ್ಲುತ್ತದೆ. ಮೊದಲು ವಿವರಿಸಿದವನ ಶ್ರಮ, ಕೊನೆಗೆ ರಿಯಾಯಿತಿ ಕೂಪನ್ ತೋರಿಸಿದವನ ಪಾಲಾಗುವುದೂ ಉಂಟು. ಸಫಾರಿ ಬ್ರೌಸರಿನಲ್ಲಿ ಇಂತಹ ಗುರುತುಗಳಿಗೆ ಆ್ಯಪಲ್ ಕಂಪನಿ 2017ರಿಂದ ಒಂದೊಂದಾಗಿ ಕಡಿವಾಣ ಹಾಕಿದ ಮೇಲೆ ಲೆಕ್ಕ ತಪ್ಪುವ ಸಂಭವ ಇನ್ನೂ ಹೆಚ್ಚಿತು.

2024ರ ಡಿಸೆಂಬರಿನಲ್ಲಿ ಪೇಪಾಲ್ ಒಡೆತನದ 'ಹನಿ' ಎಂಬ ಕೂಪನ್ ಸಾಧನದ ವಿರುದ್ಧ ಇಂಥದೇ ಆರೋಪ ಕೇಳಿಬಂತು. ಹಣ ಪಾವತಿಯ ಕೊನೆಯ ಹಂತದಲ್ಲಿ ಅದು ಇತರರ ಲಿಂಕ್ ಗುರುತಿನ ಜಾಗದಲ್ಲಿ ತನ್ನದನ್ನು ಇರಿಸುತ್ತದೆ ಎಂದು ದೂರಿ ಅಮೆರಿಕದಲ್ಲಿ ಮೊಕದ್ದಮೆಗಳು ಹೂಡಲ್ಪಟ್ಟವು. ಕಂಪನಿ ತಪ್ಪೆಸಗಿಲ್ಲವೆಂದು ವಾದಿಸಿತು. ನ್ಯಾಯಾಲಯದ ವಿಚಾರ ಏನೇ ಇರಲಿ, ತಮ್ಮ ಗಿರಾಕಿ ಎಲ್ಲಿ ತಪ್ಪಿಹೋದನೆಂದು ಲಿಂಕ್ ನೀಡಿದವರಿಗೆ ತಾವಾಗಿಯೇ ಕಂಡುಹಿಡಿಯಲು ದಾರಿ ಇಲ್ಲವೆಂಬುದು ಈ ಪ್ರಕರಣದಿಂದ ಬಹಳ ಜನರಿಗೆ ಮನವರಿಕೆಯಾಯಿತು.

ದರದ ವಿಚಾರವೂ ಹಾಗೆಯೇ. 2020ರ ಏಪ್ರಿಲ್ 14ರಂದು ಅಮೆಜಾನ್ ಅಮೆರಿಕದಲ್ಲಿ ಕಮಿಷನ್ ಇಳಿಕೆಯನ್ನು ತಿಳಿಸಿ, ಏಪ್ರಿಲ್ 21ರಿಂದಲೇ ಜಾರಿಗೊಳಿಸಿತು. ಪೀಠೋಪಕರಣಗಳ ಮೇಲಿನ ಕಮಿಷನ್ ಶೇ. 8ರಿಂದ ಶೇ. 3ಕ್ಕೆ ಇಳಿಯಿತು. ಒಂದೇ ವಾರದ ಸೂಚನೆ. ಇಂತಹ ತೀರ್ಮಾನಗಳಲ್ಲಿ ಅಕೌಂಟ್ ಮ್ಯಾನೇಜರಿನ ಪಾತ್ರ ಅತ್ಯಲ್ಪ. ಆದರೆ ಬೈಗುಳ ಕೇಳಬೇಕಾದವನು ಅವನೇ.

ಮ್ಯಾನೇಜರಿನ ಕಷ್ಟವೂ ಇದೆ

ನ್ಯಾಯವಾಗಿ ನೋಡುವುದಾದರೆ ಆ ಬದಿಯ ಅಹವಾಲನ್ನೂ ಕೇಳಬೇಕು. ಮ್ಯಾನೇಜರ್ ದುಡಿಮೆಗಾರನ ಪ್ರತಿನಿಧಿಯಂತೆ ಕಂಡರೂ ಅವನಿಗೆ ಸಂಬಳ ಬರುವುದು ಕಂಪನಿಯಿಂದ ಅಥವಾ ನಡುವಿನ ಸಂಸ್ಥೆಯಿಂದ. ಒಬ್ಬನೇ ನೂರಾರು ಜನರ ಖಾತೆ ನೋಡಿಕೊಳ್ಳಬೇಕಾಗುತ್ತದೆ. ಅವನಿಗೂ ತಿಂಗಳ ಗುರಿ ಇರುತ್ತದೆ. ಹೆಚ್ಚು ಮಾರಾಟ ತರುವ ಹತ್ತು ಮಂದಿಯ ಪತ್ರಕ್ಕೆ ಮೊದಲು ಉತ್ತರಿಸಿ, ಉಳಿದವರನ್ನು ಬದಿಗಿಡುವುದು ಆ ಒತ್ತಡದ ಫಲ. ಆತ ಕೆಲಸ ಬಿಟ್ಟು ಹೋದರೆ ಫೋನಿನಲ್ಲಿ ನೀಡಿದ ಭರವಸೆಗಳೂ ಅವನೊಂದಿಗೆ ಹೋಗುತ್ತವೆ. ಹೊಸದಾಗಿ ಬಂದವನಿಗೆ ಅವುಗಳ ಅರಿವೇ ಇರುವುದಿಲ್ಲ.

ಮೋಸವೂ ಕಡಿಮೆಯಿಲ್ಲ. ತನ್ನ ಲಿಂಕಿನಿಂದ ತಾನೇ ಖರೀದಿಸುವುದು, ಸುಳ್ಳು ಹೆಸರು, ದೂರವಾಣಿ ಸಂಖ್ಯೆಗಳನ್ನು ತುಂಬಿಸುವುದು, ಇಲ್ಲದ ರಿಯಾಯಿತಿಯನ್ನು ಘೋಷಿಸುವುದು ಈ ವೃತ್ತಿಯ ಪರಿಚಿತ ಪಿಡುಗುಗಳು. ಇಬೇ ಕಂಪನಿಗೆ ಅತಿ ಹೆಚ್ಚು ವ್ಯವಹಾರ ತರುತ್ತಿದ್ದ ಅಮೆರಿಕದ ಶಾನ್ ಹೋಗನ್ ಎಂಬಾತ ಗ್ರಾಹಕರಿಗೆ ಅರಿವಿಲ್ಲದಂತೆ ಅವರ ಬ್ರೌಸರಿಗೆ ಕುಕಿ ತುಂಬಿಸಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು, 2014ರಲ್ಲಿ 5 ತಿಂಗಳ ಸೆರೆವಾಸಕ್ಕೆ ಗುರಿಯಾದ. ಹೀಗಾಗಿ ಒಮ್ಮೆಲೇ ಮಾರಾಟ ಏರಿದವರನ್ನು ಕಂಪನಿಗಳು ಮೆಚ್ಚುವ ಬದಲು ಶಂಕಿಸುತ್ತವೆ. ಪ್ರಾಮಾಣಿಕ ದುಡಿಮೆಗಾರನಿಗೆ ಈ ಶಂಕೆ ಅವಮಾನವಾಗಿ ತಟ್ಟುತ್ತದೆ.

ಕಾಳಿ ತೀರದಲ್ಲಿ ಅದೇ ಕತೆ

ದಾಂಡೇಲಿ ಪ್ರವಾಸೋದ್ಯಮದ ಕಮಿಷನ್ ವ್ಯವಹಾರಕ್ಕೂ ಇದೇ ತಕರಾರುಗಳು ಅನ್ವಯಿಸುತ್ತವೆ. ಇಲ್ಲಿ ಕುಕಿಯ ಸ್ಥಾನದಲ್ಲಿ ಇರುವುದು ರೆಸಾರ್ಟ್ ಮ್ಯಾನೇಜರಿನ ನೆನಪು. 'ಈ ಪಾರ್ಟಿ ಕಳುಹಿಸಿದ್ದು ಯಾರು' ಎಂಬುದನ್ನು ಆತ ಬರೆದುಕೊಂಡರೆ ಕಮಿಷನ್ ಉಂಟು. ಅದೇ ಪ್ರವಾಸಿಗರು ಮುಂದಿನ ವರ್ಷ ನೇರವಾಗಿ ರೆಸಾರ್ಟಿಗೆ ಫೋನ್ ಮಾಡಿ ಬಂದರೆ ಅವರು ಯಾರ ಗಿರಾಕಿ ಎಂಬ ಪ್ರಶ್ನೆ ಏಳುತ್ತದೆ. ಕಳುಹಿಸಿದವನ ಪ್ರಕಾರ ತನ್ನವರು, ಮಾಲೀಕನ ಪ್ರಕಾರ ತನ್ನವರು. ಎರಡೂ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಆದರೆ ಮೊದಲೇ ಮಾತಾಗದ ವಿಷಯ ಇದು.

ಇನ್ನೊಂದು ತೊಡಕು ನದಿಯದು. ಗಣೇಶಗುಡಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಬಿಡುವ ನೀರನ್ನು ಅವಲಂಬಿಸಿದೆ. ನೀರು ಬಾರದ ದಿನ ರಾಫ್ಟಿಂಗ್ ಇಲ್ಲ. 2022ರ ಏಪ್ರಿಲಿನಲ್ಲಿ ಮಿತಿಮೀರಿ ಜನರನ್ನು ಕೂರಿಸಿದ್ದ ರಾಫ್ಟ್ ಅಪಾಯಕ್ಕೆ ಸಿಲುಕಿದ ಘಟನೆಯ ನಂತರ ಜಲಕ್ರೀಡೆಗಳನ್ನೇ ಕೆಲಕಾಲ ನಿಲ್ಲಿಸಲಾಗಿತ್ತು. ಇಂತಹ ಸಂದರ್ಭದಲ್ಲಿ ಮುಂಗಡ ಹಣ ಹಿಂದಿರುಗಿಸುವವರು ಯಾರು, ಮೊದಲೇ ಪಡೆದ ಕಮಿಷನ್ ವಾಪಸಾಗಬೇಕೇ ಎಂಬುದು ಜಗಳಕ್ಕೆ ತಿರುಗುತ್ತದೆ. ಪ್ರವಾಸಿಗ ಬೈಯುವುದು ತಾನು ಫೋನಿನಲ್ಲಿ ಮಾತನಾಡಿದ ಕಮಿಷನ್ ದುಡಿಮೆಗಾರನನ್ನೇ. ಜೋಯಿಡಾದ ಕಾಡಿನೊಳಗೆ ಮೊಬೈಲ್ ಸಂಕೇತ ಸರಿಯಾಗಿ ಸಿಗದ ಜಾಗಗಳೂ ಇರುವುದರಿಂದ ಅಂದೇ ಮಾತನಾಡಿ ಬಗೆಹರಿಸಿಕೊಳ್ಳುವುದೂ ಕಷ್ಟ.

ಪಿಗ್ಮಿ ಸಂಗ್ರಾಹಕರ ಹೋರಾಟ ಕಲಿಸಿದ ಪಾಠ

ಕಮಿಷನ್ ದುಡಿಮೆ ಕನ್ನಡ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಹೋಗಿ ಸಂಗ್ರಹಿಸುವ ವ್ಯವಸ್ಥೆ ಅದು. ಸಂಗ್ರಹಿಸುವವರಿಗೆ ಸಂಬಳದ ಬದಲು ಕಮಿಷನ್. ಈ ಮಾದರಿ ಇತರ ಬ್ಯಾಂಕುಗಳಿಗೂ ಸಹಕಾರ ಸಂಘಗಳಿಗೂ ಹಬ್ಬಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ 'ಪಿಗ್ಮಿ' ಎಂಬ ಪದ ನಮ್ಮ ಪೇಟೆಗಳಲ್ಲಿ ಇಂದಿಗೂ ಉಳಿದಿದೆ.

ಸಂಗ್ರಾಹಕರು ತಮ್ಮ ನೌಕರರಲ್ಲ, ಸ್ವತಂತ್ರ ಏಜೆಂಟರು ಎಂಬುದು ಬ್ಯಾಂಕುಗಳ ವಾದವಾಗಿತ್ತು. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. ಮಂಡಳಿ 1988ರ ಡಿಸೆಂಬರಿನಲ್ಲಿ ಸಂಗ್ರಾಹಕರ ಪರವಾಗಿ ತೀರ್ಪಿತ್ತಿತು. ತಿಂಗಳಿಗೆ 7,500 ರೂಪಾಯಿ ಸಂಗ್ರಹಿಸಿದವರಿಗೆ 750 ರೂಪಾಯಿ ಖಚಿತ ಮೊತ್ತ, ಅದಕ್ಕಿಂತ ಹೆಚ್ಚಿನ ಸಂಗ್ರಹಕ್ಕೆ ಶೇ. 2ರ ಪ್ರೋತ್ಸಾಹಧನ, ಓಡಾಟದ ಭತ್ಯೆ ಹಾಗೂ ಪ್ರತಿ ವರ್ಷದ ಸೇವೆಗೆ 15 ದಿನಗಳ ಕಮಿಷನ್‌ಗೆ ಸಮನಾದ ಗ್ರ್ಯಾಚುಟಿ ಎಂದು ನಿಗದಿಪಡಿಸಿತು. ಖಾಯಂ ನೌಕರಿಗೆ ಸೇರಿಸಿಕೊಳ್ಳಬೇಕೆಂಬ ಅಂಶ ಮುಂದೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ 2001ರ ಫೆಬ್ರವರಿ 13ರಂದು ನೀಡಿದ ತೀರ್ಪಿನಲ್ಲಿ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದಿತು. ಅವರ ಮೇಲೆ ಬ್ಯಾಂಕಿನ ನಿಯಂತ್ರಣವಿದೆ, ಅವರು ಪಡೆಯುವ ಕಮಿಷನ್ ದುಡಿಮೆಯ ಪ್ರಮಾಣವನ್ನು ಅವಲಂಬಿಸಿದ ಕೂಲಿಯೇ ಆಗಿದೆ ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪಿಗ್ಮಿ ಹಣದ ಲೆಕ್ಕ ಒಂದೇ ಕಡೆ ಇರಲಿಲ್ಲ. ಠೇವಣಿದಾರನ ಬಳಿ ಪಾಸ್ ಪುಸ್ತಕ, ಸಂಗ್ರಾಹಕನ ಬಳಿ ತನ್ನ ದಾಖಲೆ, ಬ್ಯಾಂಕಿನಲ್ಲಿ ಲೆಡ್ಜರ್. ಮೂರನ್ನೂ ತಾಳೆ ನೋಡಬಹುದಿತ್ತು. ಎಷ್ಟು ಸಂಗ್ರಹವಾಯಿತು ಎಂಬ ವಿಷಯದಲ್ಲಿ ಒಬ್ಬನ ಮಾತನ್ನೇ ನಂಬಬೇಕಾದ ಸ್ಥಿತಿ ಇರಲಿಲ್ಲ. ಅಂತರ್ಜಾಲದ ಕಮಿಷನ್‌ನಲ್ಲಿ ಮಾರಾಟದ ಲೆಕ್ಕ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ. ದುಡಿಮೆಗಾರ ನೋಡುವುದು ಅದರ ಪ್ರತಿಬಿಂಬವನ್ನು.

ಇತರರಿಗೆ ಇರುವ ಆಸರೆ

ಕಮಿಷನ್ ಮೇಲೆಯೇ ನಿಂತ ಮತ್ತೊಂದು ವೃತ್ತಿ ಜೀವವಿಮಾ ಏಜೆಂಟರದು. ಎಲ್‌ಐಸಿ ಏಜೆಂಟ್ ಮತ್ತು ಡೆವಲಪ್‌ಮೆಂಟ್ ಆಫೀಸರ್ ನಡುವೆಯೂ ಗುರಿಯ ಒತ್ತಡ, ಅಸಮಾಧಾನ ಇದ್ದದ್ದೇ. ಆದರೆ ಒಮ್ಮೆ ಮಾಡಿಸಿದ ಪಾಲಿಸಿಯ ಕಂತು ತುಂಬುತ್ತಿರುವವರೆಗೆ ಷರತ್ತುಗಳಿಗೆ ಒಳಪಟ್ಟು ನವೀಕರಣ ಕಮಿಷನ್ ಬರುತ್ತದೆ. ಅವರಿಗೆ ಗ್ರ್ಯಾಚುಟಿಯೂ ಇದೆ. ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲು ಕೇಂದ್ರ ಹಣಕಾಸು ಸಚಿವಾಲಯ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ನೀಡಿತು.

ಹಳಿಯಾಳದ ಕಬ್ಬು ಬೆಳೆಗಾರ ಕಮಿಷನ್ ದುಡಿಮೆಗಾರನಲ್ಲ. ಆದರೂ ತೂಕ, ಇಳುವರಿಯ ಲೆಕ್ಕಕ್ಕೆ ಆತ ಕಾರ್ಖಾನೆಯನ್ನೇ ನಂಬಬೇಕು. ಆತನಿಗೆ 1966ರ ಕಬ್ಬು ನಿಯಂತ್ರಣ ಆದೇಶದ ಬೆಂಬಲವಿದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು ಎನ್ನುತ್ತದೆ ಆ ಆದೇಶ. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಎಂಬುದು ಬೇರೆ ಮಾತು. ಕೇಳಲು ಒಂದು ದಿನಾಂಕವಾದರೂ ಇದೆ.

ಮುಂಡಗೋಡದಲ್ಲಿ 1966ರಲ್ಲಿ ನೆಲೆ ಕಂಡ ಟಿಬೆಟನ್ ಶಿಬಿರದ ಉದಾಹರಣೆ ಮತ್ತೊಂದು ಬಗೆಯದು. ದೇಶದ ಟಿಬೆಟನ್ ಸ್ವೆಟರ್ ವ್ಯಾಪಾರಿಗಳು ಚಳಿಗಾಲದ ಮಾರಾಟಕ್ಕೆ ಲೂಧಿಯಾನದ ಸಗಟು ವರ್ತಕರಿಂದ ಸಾಲದ ಮೇಲೆ ಸರಕು ತಂದು, ಮಾರಿದ ಬಳಿಕ ಹಣ ತೀರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಅಲ್ಲಿ ಕಾಯುವವನು ವರ್ತಕ. ಸರಕು ಮಾರುವವನ ಕೈಯಲ್ಲಿರುತ್ತದೆ. ವರ್ಷ ವರ್ಷವೂ ಅದೇ ಮುಖಗಳು ಎದುರಾಗುವುದರಿಂದ ಮಾತು ಉಳಿಸಿಕೊಳ್ಳುವುದು ಇಬ್ಬರಿಗೂ ಲಾಭ. ಮುಖವನ್ನೇ ಕಾಣದ, ಆಗಾಗ ಬದಲಾಗುವ ಅಕೌಂಟ್ ಮ್ಯಾನೇಜರಿನೊಂದಿಗೆ ಅಂತಹ ನಂಟು ಬೆಳೆಯುವುದು ಕಷ್ಟ.

ಕಾನೂನು ಏನನ್ನುತ್ತದೆ?

ಏಜೆಂಟ್ ಹಾಗೂ ಯಜಮಾನನ ಸಂಬಂಧಕ್ಕೆ 1872ರ ಭಾರತೀಯ ಕರಾರು ಕಾಯ್ದೆಯೇ ಆಧಾರ. ವಿಶೇಷ ಕರಾರು ಇಲ್ಲದಿದ್ದಲ್ಲಿ ಒಪ್ಪಿಸಿದ ಕೆಲಸ ಪೂರ್ಣಗೊಂಡಾಗಲೇ ಏಜೆಂಟನ ಪ್ರತಿಫಲ ಬಾಕಿಯಾಗುತ್ತದೆ ಎಂದು ಕಲಂ 219 ಹೇಳುತ್ತದೆ. ದುರ್ನಡತೆ ಎಸಗಿದ ಏಜೆಂಟನಿಗೆ ಆ ಭಾಗದ ಕೆಲಸಕ್ಕೆ ಪ್ರತಿಫಲವಿಲ್ಲವೆನ್ನುವುದು ಕಲಂ 220. ಏಜೆನ್ಸಿ ರದ್ದುಪಡಿಸುವವರು ಸಮಂಜಸ ಮುನ್ಸೂಚನೆ ನೀಡಬೇಕೆನ್ನುವುದು ಕಲಂ 206. ಆದರೆ ಯೋಜನೆಗೆ ಸೇರುವಾಗ 'ಒಪ್ಪಿದ್ದೇನೆ' ಎಂದು ಒತ್ತಿದ ಷರತ್ತುಗಳು ವಿಶೇಷ ಕರಾರಾಗಿ ಮೊದಲ ಸ್ಥಾನ ಪಡೆಯುತ್ತವೆ ಎಂಬುದನ್ನು ಮರೆಯಬಾರದು. ಲಿಂಕ್ ಹಂಚುವವರೆಲ್ಲರೂ ಕಾನೂನಿನ ಅರ್ಥದಲ್ಲಿ ಏಜೆಂಟರಲ್ಲ. ಅನೇಕ ಕಂಪನಿಗಳು ತಮ್ಮ ಷರತ್ತುಗಳಲ್ಲಿ ಅದನ್ನು ಸ್ಪಷ್ಟವಾಗಿ ನಿರಾಕರಿಸುತ್ತವೆ.

ಲೆಕ್ಕ ಕೇಳುವ ಹಕ್ಕಿನ ಬಗ್ಗೆ ಈ ಕಾಯ್ದೆ ಒಂದು ಬದಿಗೆ ಮಾತ್ರ ನೋಡುತ್ತದೆ. ಏಜೆಂಟನು ಯಜಮಾನನಿಗೆ ಲೆಕ್ಕ ಒಪ್ಪಿಸಬೇಕು ಎನ್ನುವ ಕಲಂ 213ಕ್ಕೆ ಪ್ರತಿಯಾಗಿ ಯಜಮಾನನು ಏಜೆಂಟನಿಗೆ ಲೆಕ್ಕ ಕೊಡಬೇಕೆಂಬ ಕಲಂ ಇಲ್ಲ. ಈ ಕೊರತೆಯನ್ನು ಸುಪ್ರೀಂ ಕೋರ್ಟ್ 1966ರಲ್ಲೇ ಗುರುತಿಸಿತು. ನಾರಣದಾಸ್ ಮೊರಾರ್‌ದಾಸ್ ಗಾಜಿವಾಲಾ ವಿರುದ್ಧ ಪಾಪಮ್ಮಾಳ್ ಪ್ರಕರಣದಲ್ಲಿ, ಕಮಿಷನ್ ಎಷ್ಟೆಂದು ತಿಳಿಯಲು ಬೇಕಾದ ಲೆಕ್ಕವೆಲ್ಲ ಯಜಮಾನನ ವಶದಲ್ಲೇ ಇರುವಂತಹ ವಿಶೇಷ ಸಂದರ್ಭದಲ್ಲಿ ಏಜೆಂಟನೂ ಲೆಕ್ಕಕ್ಕಾಗಿ ದಾವೆ ಹೂಡಬಹುದು ಎಂದು ಅದು ಹೇಳಿತು. ಅಂತರ್ಜಾಲದ ಕಲ್ಪನೆಯೇ ಇಲ್ಲದ ಕಾಲದ ಈ ಮಾತು ಇಂದಿನ ಪರದೆಯ ಲೆಕ್ಕಕ್ಕೂ ಹೊಂದುವಂತಿದೆ.

ಆದರೆ 4,200 ರೂಪಾಯಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾರರು. ಕಂಪನಿ ಹೊರದೇಶದ್ದಾದರೆ ಅದು ಇನ್ನೂ ದೂರದ ಮಾತು. ಆದ್ದರಿಂದ ಜಗಳ ಹುಟ್ಟುವ ಮೊದಲೇ ಎಚ್ಚರ ವಹಿಸುವುದೇ ಪ್ರಾಯೋಗಿಕ ದಾರಿ.

ಎರಡನೆಯ ಪುಸ್ತಕ ಇಟ್ಟುಕೊಳ್ಳಿ

ಪಿಗ್ಮಿ ಸಂಗ್ರಾಹಕನಿಗೆ ಇದ್ದಂತೆ ಕಮಿಷನ್ ದುಡಿಮೆಗಾರನಿಗೂ ತನ್ನದೇ ಲೆಕ್ಕದ ಪುಸ್ತಕ ಇರಬೇಕು. ಈ ಕೆಳಗಿನ ಕ್ರಮಗಳು ಯಾರಿಗಾದರೂ ಸಾಧ್ಯವಾಗುವಂಥವು.

1. ಸೇರುವ ದಿನವೇ ನಾಲ್ಕು ವಿಷಯಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು: ದರ ಎಷ್ಟು, ಗಿರಾಕಿ ಎಷ್ಟು ದಿನ ತನ್ನ ಲೆಕ್ಕದಲ್ಲಿರುತ್ತಾನೆ, ಯಾವ ಕಾರಣಕ್ಕೆ ತಿರಸ್ಕಾರ, ಹಣ ಯಾವ ದಿನಾಂಕಕ್ಕೆ. ಷರತ್ತುಗಳ ಪುಟವನ್ನು ಅಂದಿನ ದಿನಾಂಕದೊಂದಿಗೆ ಉಳಿಸಿಕೊಳ್ಳಬೇಕು.

2. ಫೋನಿನಲ್ಲಿ ಮ್ಯಾನೇಜರ್ ಒಪ್ಪಿದ ಮಾತನ್ನು ಅದೇ ದಿನ ಇ-ಮೇಲ್ ಅಥವಾ ಸಂದೇಶದಲ್ಲಿ 'ತಾವು ಇಂದು ಹೀಗೆ ತಿಳಿಸಿದ್ದೀರಿ' ಎಂದು ಕಳುಹಿಸಬೇಕು. ಆತ ಕೆಲಸ ಬಿಟ್ಟರೂ ಬರಹ ಉಳಿಯುತ್ತದೆ.

3. ಪ್ರತಿ ಜಾಹೀರಾತಿಗೆ, ಪ್ರತಿ ಪುಟಕ್ಕೆ ಬೇರೆ ಬೇರೆ ಗುರುತಿನ ಲಿಂಕ್ ಬಳಸಬೇಕು. ಯಾವ ಮಾರಾಟ ಎಲ್ಲಿಂದ ಬಂತು, ಯಾವುದು ತಿರಸ್ಕೃತವಾಯಿತು ಎಂದು ಆಗ ಗೊತ್ತಾಗುತ್ತದೆ. 'ನನ್ನ ಹಣ ಏಕೆ ಕಡಿಮೆ' ಎನ್ನುವುದಕ್ಕಿಂತ 'ಇಂಥ ಸಂಖ್ಯೆಯ ಈ ಮೂರು ಮಾರಾಟಗಳ ಕಾರಣ ತಿಳಿಸಿ' ಎಂಬ ಪತ್ರಕ್ಕೆ ಉತ್ತರಿಸುವುದು ಮ್ಯಾನೇಜರಿಗೂ ಸುಲಭ.

4. ಕೋಣೆ ಕಾಯ್ದಿರಿಸಿ ಕೊಡುವವರು ಪ್ರತಿ ಪಾರ್ಟಿಯ ದಿನಾಂಕ, ಜನಸಂಖ್ಯೆ, ದರ, ಕಮಿಷನ್ ಮೊತ್ತವನ್ನು ರೆಸಾರ್ಟಿಗೆ ಸಂದೇಶವಾಗಿ ಕಳುಹಿಸಿ 'ಸರಿ' ಎಂಬ ಉತ್ತರ ಪಡೆದಿರಬೇಕು. ರಾಫ್ಟಿಂಗ್ ರದ್ದಾದರೆ ಏನು, ಅದೇ ಗಿರಾಕಿ ಮತ್ತೆ ಬಂದರೆ ಏನು ಎಂಬುದನ್ನು ಹಂಗಾಮು ಆರಂಭವಾಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

5. ತೆರಿಗೆ ಕಡಿತದ ವಿವರ ನೋಡುತ್ತಿರಬೇಕು. ಕಮಿಷನ್ ಮೇಲೆ ಮೂಲದಲ್ಲೇ ಕಡಿತವಾಗುವ ತೆರಿಗೆಯ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿಸಲಾಯಿತು. ಕಡಿತ ಅನ್ವಯಿಸುವ ವಾರ್ಷಿಕ ಮಿತಿಯನ್ನು 2025ರ ಏಪ್ರಿಲ್ 1ರಿಂದ 15,000 ರೂಪಾಯಿಯಿಂದ 20,000 ರೂಪಾಯಿಗೆ ಏರಿಸಲಾಯಿತು. ದೇಶದ ಕಂಪನಿ ತೆರಿಗೆ ಕಡಿದು ಜಮೆ ಮಾಡಿದರೆ ಅದು ಪಾನ್ ಸಂಖ್ಯೆಯ ಅಡಿ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಕಾಣುತ್ತದೆ. ನಿಮಗೆ ಇಷ್ಟು ಪಾವತಿಸಿದ್ದೇವೆಂದು ಕಂಪನಿಯೇ ಸರ್ಕಾರಕ್ಕೆ ಹೇಳಿದ ದಾಖಲೆ ಅದು.

6. ಮೊತ್ತ ದೊಡ್ಡದಾಗಿ, ವಿವಾದ ಬಗೆಹರಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸಲಹೆ ಪಡೆಯಬಹುದು. ಹಣದ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಸಂದೇಶ, ಇ-ಮೇಲ್‌ಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಹಳೆಯ ಮೊಬೈಲನ್ನು ಮಾರುವ ಮುನ್ನ ಸಂದೇಶಗಳನ್ನು ಜೋಪಾನವಾಗಿರಿಸುವುದು ಲೇಸು.

ಕಂಪನಿ ಹಾಗೂ ರೆಸಾರ್ಟ್ ಮಾಲೀಕರ ಪಾಲಿನ ಕೆಲಸವೂ ಕಷ್ಟದ್ದಲ್ಲ. ತಿರಸ್ಕರಿಸಿದ ಪ್ರತಿ ಮಾರಾಟದ ಮುಂದೆ ಒಂದು ಕಾರಣ ಬರೆಯುವುದು, ದರ ಇಳಿಸುವ ಮುನ್ನ ಒಂದು ತಿಂಗಳ ಸೂಚನೆ ನೀಡುವುದು, ಮ್ಯಾನೇಜರ್ ಬದಲಾದಾಗ ಹಳೆಯ ಮಾತುಗಳನ್ನು ಹೊಸಬರಿಗೆ ಒಪ್ಪಿಸುವುದು. ಇಷ್ಟಾದರೆ ಅರ್ಧ ತಕರಾರುಗಳು ತಾವಾಗಿಯೇ ಇಲ್ಲವಾಗುತ್ತವೆ.

ಕಾರ್ಖಾನೆ ನೌಕರಿ ಎಲ್ಲರಿಗೂ ಸಿಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಊರು ಬಿಡದೆ ಬದುಕಲು ಬಯಸುವವರಿಗೆ ಕಮಿಷನ್ ದುಡಿಮೆ ಒಂದು ದಾರಿ. ಅದನ್ನು ಹಿಡಿದವರು ಮ್ಯಾನೇಜರಿನ ಸ್ವಭಾವವನ್ನು ಬದಲಿಸಲಾರರು. ಆದರೆ ಒಂದು ನೋಟ್‌ಬುಕ್ಕನ್ನು ಇಂದೇ ಕೊಂಡು, ಮೊದಲ ಸಾಲನ್ನು ಇಂದೇ ಬರೆಯಬಹುದು.